ಕಿವಿಗೆ ರೆಪ್ಪೆಯಿಲ್ಲ

ಮಲಪ್ರಭೆಯ ದಂಡೆಯ ಮೇಲೊಂದು ಆಶ್ರಮ. ನಿಜಗುಣಯ್ಯನವರು ಅಲ್ಲಿಯ ಗುರು, ಕಲ್ಮೇಶ ಅವರ ಶಿಷ್ಯ.

ನಿಜಗುಣಯ್ಯನವರಿಗೂ ಒಬ್ಬರು ಗುರುಗಳಿದ್ದರು, ಮುರಿಗೆಯ್ಯಜ್ಜ. ಅಜ್ಜ ಲಿಂಗೈಕ್ಯರಾಗಿ ಬಹಳ ಕಾಲವಾಗಿತ್ತು. ಅವರು ಹಾಡಿದ್ದು ಒಂದೇ ಒಂದು ವಿಡಿಯೊ ಕ್ಯಾಸೆಟ್ಟಿನಲ್ಲಿ ಉಳಿದಿತ್ತು. ಯಾರೋ ಭಕ್ತರು ಹೊಸ ಕ್ಯಾಮೆರಾ ಕೊಂಡ ಹುರುಪಿನಲ್ಲಿ ತೆಗೆದದ್ದು.

ಅದನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಕಲ್ಮೇಶನ ಪಾಲಿಗೆ ಬಂತು. ಅವನೇನು ಅದರಲ್ಲಿ ಪಂಡಿತನಲ್ಲ, ಹಾಳೂರಿಗೆ ಉಳಿದವನೇ ಗೌಡ. ಕ್ಯಾಸೆಟ್ಟಿನ ಪಟ್ಟಿ ಅಲ್ಲಲ್ಲಿ ಸುಕ್ಕುಗಟ್ಟಿತ್ತು. ಹೇಗೋ ಒಂದು ಸಲ ಪೂರ್ತಿ ಓಡಿತು, ಆಮೇಲೆ ಪಟಕ್ಕನೆ ಹರಿದುಹೋಯಿತು. ಇನ್ನು ಕಂಪ್ಯೂಟರಿಗೆ ಇಳಿದದ್ದೇ ಅಜ್ಜ.

ಮೊದಲು ನೋಡಲು ಕೂತವರು ಅಜ್ಜನ ತಂಗಿ ದಾನಮ್ಮ. ಅವರಿಗೆ ಕಿವಿ ಮಂದ. ಕಿವಿಯ ಮಷೀನಿನಿಂದ ಒಂದಿಷ್ಟು ಕೇಳುತ್ತಿತ್ತು, ಉಳಿದದ್ದನ್ನು ತುಟಿ ನೋಡಿ ಹಿಡಿಯುತ್ತಿದ್ದರು. ಎರಡೂ ಕೂಡಿದರೆ ಮಾತು. ಆ ಅರೆಕಿವಿಯೂ ಇನ್ನು ಹೆಚ್ಚು ದಿನ ಇರಲಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಪರದೆಯ ಮೇಲೆ ಅಜ್ಜನ ತುಟಿ ಆಡಿತು, ದನಿ ಆಮೇಲೆ ಬಂತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ. ದಾನಮ್ಮ ಸ್ವಲ್ಪ ಹೊತ್ತು ನೋಡಿ ಎದ್ದುಬಿಟ್ಟರು.

"ಮಾರಿ ನಮ್ಮಣ್ಣಂದು. ಮಾತು ಬ್ಯಾರೆ ಯಾರದೋ ಐತಿ," ಎಂದರು.

ಕಲ್ಮೇಶನಿಗೆ ಅದು ನಾಟಿತು. ಯಾಕೆಂದರೆ ವಿಡಿಯೊದ ಕೊನೆಯಲ್ಲಿ ಏನಿದೆಯೆಂದು ಅವನು ನೋಡಿದ್ದ. ಪದ ಹಾಡಿ ಮುಗಿಸಿದ ಅಜ್ಜ, ಕ್ಯಾಮೆರಾದ ಹಿಂದಿದ್ದ ಅಡುಗೆಮನೆಯತ್ತ ಮುಖವೆತ್ತಿ, ತಂಗಿಯ ಹೆಸರು ಹಿಡಿದು ಒಂದು ಮಾತು ಕೇಳಿದ್ದರು. ಅಂದು ಪಾತ್ರೆಗಳ ಸದ್ದಿನಲ್ಲಿ ದಾನಮ್ಮನಿಗೆ ಅದು ಕೇಳಿರಲೇ ಇಲ್ಲ. ಕಿವಿ ಮುಚ್ಚುವುದರೊಳಗೆ ಆ ಒಂದು ಮಾತನ್ನು ಅವರಿಗೆ ಮುಟ್ಟಿಸಬೇಕಿತ್ತು.

ಕಲ್ಮೇಶ ಕಂಪ್ಯೂಟರಿನಲ್ಲಿ ಇಡೀ ದನಿಯನ್ನು ತುಸು ಮುಂದಕ್ಕೆಳೆದ. ಆರಂಭ ಸರಿಹೋಯಿತು. ಆದರೆ ಪದ ಸಾಗಿದಂತೆ ದನಿ ಮತ್ತೆ ಹಿಂದೆ ಬಿತ್ತು. ಕೊನೆಯನ್ನು ಸರಿಮಾಡಿದರೆ ಆರಂಭ ಕೆಟ್ಟಿತು.

ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. ದನಿ ಹಿಂದೆ ಬಿದ್ದಲ್ಲೆಲ್ಲ ಅದರದೇ ಒಂದೊಂದು ಚೂರು ಕತ್ತರಿಸಿ ಎಸೆದ. ತುಟಿ, ದನಿ ಜೊತೆಗೆ ನಡೆದವು. ದಂಡು ಗೆದ್ದು ಬಂದವನ ಹಾಗೆ ಗುರುಗಳ ಮುಂದೆ ತಂದಿಟ್ಟ.

ಗುರುಗಳು ಕಣ್ಣು ಮುಚ್ಚಿ ಕೇಳಿದರು.

"ಈ ಸಾಲಿನ ನಡುವ ಅಜ್ಜಾರು ಒಂದು ಉಸಿರು ತಗೋತಿದ್ರು. ಎಲ್ಲಿ ಹೋತದು?"

"ಕತ್ತರಿಸೀನ್ರಿ ಗುರುಗಳ. ದನಿ ಹಿಂದ ಬೀಳತಿತ್ತು."

"ಹಿಂದ ಬಿತ್ತಂತ ಕೊಯ್ದಿ?"

ಕಲ್ಮೇಶ ಕ್ಯಾಸೆಟ್ಟನ್ನು ದೂರಿದ, ಹಳೆಯ ಕ್ಯಾಮೆರಾವನ್ನು ದೂರಿದ, ದನಿಯೇ ಸೋಮಾರಿ ಎಂದ. ಗುರುಗಳು ಎದ್ದು ಹೊಳೆಗೆ ನಡೆದರು. ಅವನು ಹಿಂದೆಯೇ ಹೋದ.

ಮೊಣಕಾಲುದ್ದ ನೀರಿನಲ್ಲಿ ನಿಂತು ಗುರುಗಳು ಅದೇ ಪದವನ್ನು ಎತ್ತಿಕೊಂಡರು. ಎವೆಯಿಕ್ಕದೆ ತಮ್ಮನ್ನೇ ನೋಡಬೇಕೆಂದು ಅವನಿಗೆ ಸನ್ನೆ ಮಾಡಿದರು. ಹಾಡುತ್ತ ಹಾಡುತ್ತಲೇ ಬೊಗಸೆ ನೀರು ಮೊಗೆದು ಅವನ ಮುಖಕ್ಕೆ ರಾಚಿದರು. ಹಾಡು ಮಾತ್ರ ನಿಲ್ಲಲಿಲ್ಲ.

"ಪದ ಎಲ್ಲೆರೆ ತುಂಡಾತೇನು?"

"ಇಲ್ರಿ."

"ನೀರು ರಾಚಿದ ಮ್ಯಾಲೆ ನನ್ನ ಕೈ ಎತ್ಲಾಗ ಹೋತು?"

"ಕಾಣಲಿಲ್ರಿ. ಕಣ್ಣು ಮುಚ್ಚಿದ್ದೆ."

"ಕಿವಿಗೆ ರೆಪ್ಪಿ ಇಲ್ಲೋ ತಮ್ಮಾ," ಎಂದು ಗುರುಗಳು ಕಾಲು ತೊಳೆದುಕೊಳ್ಳತೊಡಗಿದರು.

ಕಲ್ಮೇಶ ಮುಖದಿಂದ ನೀರಿಳಿಸುತ್ತ ನಿಂತ. ಆಮೇಲೆ ಧೋತರ ಎತ್ತಿ ಕಟ್ಟಿ ಓಡಿದ.

ದನಿ ಹಿಂದೆ ಬಿದ್ದಿರಲೇ ಇಲ್ಲ. ಕಣ್ಣು ಮುಚ್ಚಿದ್ದು ಚಿತ್ರ. ಪಟ್ಟಿ ಸುಕ್ಕುಗಟ್ಟಿದಲ್ಲೆಲ್ಲ ಕಂಪ್ಯೂಟರು ಚಿತ್ರದ ಒಂದಿಷ್ಟು ಚೂರುಗಳನ್ನು ಬಿಟ್ಟು ಮುಂದಕ್ಕೆ ಹಾರಿತ್ತು. ದನಿ ಪಾಪ ಒಂದು ಉಸಿರನ್ನೂ ಕಳೆದುಕೊಳ್ಳದೆ ನಡೆದು ಬಂದಿತ್ತು. ಇವನು ಕತ್ತರಿ ಹಾಕಿದ್ದು ತಪ್ಪೇ ಮಾಡದ ದನಿಗೆ!

ಪುಣ್ಯಕ್ಕೆ ಕಂಪ್ಯೂಟರಿನಲ್ಲಿ ಮೊದಲು ಇಳಿಸಿದ ಪ್ರತಿ ಹಾಗೇ ಇತ್ತು. ಕೊಯ್ದ ಉಸಿರುಗಳನ್ನೆಲ್ಲ ಮರಳಿ ಕೂಡಿಸಿದ. ಚಿತ್ರ ಎಲ್ಲೆಲ್ಲಿ ಹಾರಿದೆಯೆಂದು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದ. ಹಾರಿದಲ್ಲೆಲ್ಲ, ದನಿ ಬಂದು ಸೇರುವ ತನಕ, ಚಿತ್ರವನ್ನು ಎವೆಯಿಕ್ಕುವಷ್ಟು ಹೊತ್ತು ತಡೆದು ನಿಲ್ಲಿಸಿದ. ಒಂದು ಸುಕ್ಕು ಮುಗಿದರೆ ಇನ್ನೊಂದು. ಕಡೆಗೆ ಅಜ್ಜ ಪದದ ಕೊನೆಗೆ ತಟ್ಟಿದ ಚಪ್ಪಾಳೆಯಲ್ಲಿ ಕೈಯೂ ಸದ್ದೂ ಒಟ್ಟಿಗೆ ಕೂಡಿದಾಗ ಅವನು ಗಟ್ಟಿಯಾಗಿ ನಕ್ಕುಬಿಟ್ಟ. ಇವನಿಗೇನಾಯಿತೆಂದು ಎಲ್ಲರೂ ಓಡಿಬಂದರು.

ಆ ಸಂಜೆ ಆಶ್ರಮವೆಲ್ಲ ಪರದೆಯ ಮುಂದೆ ಕೂತಿತು. ದಾನಮ್ಮ ಬಂದರು, ಒಲ್ಲದ ಮನಸ್ಸಿನಿಂದಲೇ.

ಅಜ್ಜ ಹಾಡಿದರು. ಎರಡನೆಯ ಸಾಲಿಗೆ ದಾನಮ್ಮ ತುದಿಗಾಲಲ್ಲಿ ಕೂತರು. ಮೂರನೆಯ ಸಾಲಿಗೆ ಅವರ ತುಟಿಯೂ ಅಣ್ಣನ ಜೊತೆ ಆಡುತ್ತಿತ್ತು. ಪದ ಮುಗಿಯಿತು. ಅಜ್ಜ ಮುಖವೆತ್ತಿದರು.

"ದಾನವ್ವಾ, ಉಂಡಿಯೇನವಾ?"

ದಾನಮ್ಮ ಎದ್ದು ನಿಂತರು.

"ಉಂಡೀನಣ್ಣಾ. ನೀ ಉಂಡಿಯೇನು?"

ಯಾರೋ ಜಯಕಾರ ಹಾಕಿದರು, ಇನ್ಯಾರೋ ಹೋಗಿ ಆಶ್ರಮದ ಗಂಟೆಯನ್ನೇ ಬಾರಿಸಿಬಿಟ್ಟರು. ದಾನಮ್ಮ ಮತ್ತೊಮ್ಮೆ ಹಾಕಿಸಿದರು, ಮಗದೊಮ್ಮೆ ಹಾಕಿಸಿದರು. ಅಣ್ಣ ಕೇಳಿದಾಗಲೆಲ್ಲ ಉಂಡೀನಿ ಎಂದರು. ಕಲ್ಮೇಶ ಎಲ್ಲರೆದುರು ಅತ್ತ, ಅವನಿಗೆ ನಾಚಿಕೆಯೇನೂ ಆಗಲಿಲ್ಲ.

ಕಣ್ಣೊರೆಸಿಕೊಂಡು ಗುರುಗಳ ಬಳಿ ಬಂದು ಕೈಮುಗಿದ.

"ಒಂದು ಕೊರತಿ ಉಳದೈತ್ರಿ ಗುರುಗಳ. ಹೆಸರು ಹಿಡಿದು ಕರೆಯೂಕಿಂತ ಮೊದಲ ಚಿತ್ರ ತುಸು ನಿಂತಂಗ ಕಾಣತೈತಿ. ಅದನ್ನೂ ತಿದ್ದಲೇನ್ರಿ?"

ಗುರುಗಳು ಪರದೆಯ ಮುಂದೆ ಮತ್ತೆ ಕೂತ ದಾನಮ್ಮನನ್ನೇ ನೋಡುತ್ತಿದ್ದರು.

"ಇರ್ಲಿ ಬಿಡೋ. ಅಣ್ಣ ತುಸು ನಿಂತ, ತಂಗಿ ಬಂದು ಮುಟ್ಟಿದ್ಲು."