ತಡವಾಗಿ ಬಂದ ಹಾಳೆಗಳು

ವರದಾ ನದಿಯ ದಂಡೆಯ ಮೇಲೊಂದು ಪುಟ್ಟ ಆಶ್ರಮ. ಅಲ್ಲಿ ಮೃಡಾನಂದರೆಂಬ ವೃದ್ಧ ಗುರುಗಳೂ ಶಾಂತವೀರನೆಂಬ ಶಿಷ್ಯನೂ ಇದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಗುರುಗಳು ಹಾಸಿಗೆ ಹಿಡಿದರು. ವೈದ್ಯರೂ ಕೈಚೆಲ್ಲಿದರು. ಆದರೂ ಗುರುಗಳು ಚೇತರಿಸಿಕೊಂಡು ಎದ್ದು ಕೂತರು. ಕಣ್ಣು ಮಾತ್ರ ಮಂಜಾಗಿ ಉಳಿಯಿತು.

ಪಾಠದ ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಕೊಡಲು ಆದೀತೇ ಎಂದು ಅವರು ಒಂದು ದಿನ ಕೇಳಿದರು. ಶಾಂತವೀರನಿಗೆ ಭಕ್ತರೊಬ್ಬರು ಕೊಟ್ಟಿದ್ದ ಪ್ರಿಂಟರ್ ನೆನಪಾಯಿತು. ಗುರುಗಳು ಮಲಗಿದ್ದ ದಿನಗಳಲ್ಲಿ ಅವನು ಅದನ್ನು ಜೋಡಿಸಲು ನೋಡಿದ್ದ. ಲ್ಯಾಪ್‌ಟಾಪಿನಿಂದ ಎಷ್ಟು ಸಲ ಒತ್ತಿದರೂ ಒಂದು ಹಾಳೆಯೂ ಬಂದಿರಲಿಲ್ಲ.

ಈಗ ಅದನ್ನು ಗುರುಗಳ ಕೋಣೆಗೇ ತಂದಿಟ್ಟ. ಅದರ ಚಿಕ್ಕ ಪರದೆಯಲ್ಲಿ ಆಶ್ರಮದ ವೈಫೈ ಹುಡುಕಿ, ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ ಒತ್ತಿದ. ಹಿಂದಿನ ಸಲ ಒಂದು ಅಕ್ಷರ ತಪ್ಪಿದ್ದು ಆಗ ತಿಳಿಯಿತು.

ಮಿನುಗುತ್ತಿದ್ದ ನೀಲಿ ದೀಪ ನಿಂತು ಉರಿಯಿತು. ತಂತಿಯೇ ಇಲ್ಲವಲ್ಲ ಎಂದು ಗುರುಗಳು ಬೆರಗಾದರು.

ಶಾಂತವೀರ ಲ್ಯಾಪ್‌ಟಾಪ್ ತೆರೆದ, ಅದರಲ್ಲಿ ಇನ್ನೂ ಏನನ್ನೂ ಒತ್ತಿರಲಿಲ್ಲ. ಪ್ರಿಂಟರ್ ತಾನಾಗಿಯೇ ಗುರುಗುಟ್ಟಿ ಒಂದು ಹಾಳೆಯನ್ನು ಹೊರದೂಡಿತು. ಅವನು ಬಾಗಿ ತಲೆಬರಹ ನೋಡಿದ.

‘ಪೂಜ್ಯ ಮೃಡಾನಂದರು ಇನ್ನಿಲ್ಲ.’

ಅಂದು ಒತ್ತಿದ್ದೆಲ್ಲ ಲ್ಯಾಪ್‌ಟಾಪಿನೊಳಗೆ ಕಾದು ಕೂತಿತ್ತು. ಪ್ರಿಂಟರಿನ ಸಂಪರ್ಕ ಸಿಕ್ಕಿದ ಕೂಡಲೇ ಹೊರಟುಬಂದಿತ್ತು. ಇನ್ನೊಂದು ಹಾಳೆ ಬಂತು, ಅದೇ. ಮತ್ತೊಂದು, ಅದೇ.

ಅವನು ಸ್ವಿಚ್ಚಿಗೆ ಕೈಚಾಚಿದ. ಗುರುಗಳು ಬೇಡವೆಂದು ತಡೆದು, ಒಂದು ಹಾಳೆಯನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದರು.

“ಮೇಲಿನ ಸಾಲು ಕಾಣುತ್ತದೆ. ಉಳಿದದ್ದು ಸಣ್ಣಗಿದೆ. ನೀನೇ ಓದು.”

ಪತ್ರಿಕೆಯವರು ಕೇಳಿದರೆ ಸಿದ್ಧವಿರಲಿ ಎಂದು ಬರೆದದ್ದು, ಬೇರೆ ಉದ್ದೇಶವಿರಲಿಲ್ಲ ಎಂದು ಅವನು ತೊದಲಿದ. ಗುರುಗಳು ಹಾಳೆಯನ್ನು ಅವನತ್ತ ಚಾಚಿದರು.

ಅವನು ಓದಿದ. ಗುರುಗಳ ಬಾಲ್ಯ, ತಪಸ್ಸು, ಕಾಲ್ನಡಿಗೆಯ ಯಾತ್ರೆ. ಒಂದೊಂದು ವಾಕ್ಯವನ್ನೂ ಎಷ್ಟು ಆಸೆಯಿಂದ ತಿದ್ದಿದ್ದೆ ಎಂಬುದು ನೆನಪಾಯಿತು. ಕೊನೆಯ ಸಾಲಿಗೆ ಬಂದಾಗ ಹಾಳೆಯನ್ನು ಮಡಿಸಹೋದ. ಗುರುಗಳು ಮುಂದೆ ಓದು ಎಂದರು.

“ಕೊನೆಯುಸಿರಿಗೆ ಮುನ್ನ ಗುರುಗಳು ಶಿಷ್ಯನ ಕೈಹಿಡಿದು, ‘ದೀಪ ಆರುವುದಿಲ್ಲ, ಮನೆ ಬದಲಿಸುತ್ತದೆ’ ಎಂದರು.”

“ಚೆನ್ನಾಗಿದೆ. ಇದನ್ನು ನಾನು ಯಾವಾಗ ಹೇಳಿದೆ?”

ಶಾಂತವೀರ ತಲೆತಗ್ಗಿಸಿದ. “ತಾವು ಹೇಳಲಿಲ್ಲ. ನಾನೇ ಬರೆದೆ.”

“ವೈದ್ಯರು ಕೈಚೆಲ್ಲಿದಾಗ ನೀನು ಎಲ್ಲಿದ್ದೆ?”

“ಪಕ್ಕದ ಕೋಣೆಯಲ್ಲಿ. ಇದನ್ನೇ ತಿದ್ದುತ್ತಿದ್ದೆ.”

ಗುರುಗಳು ಹಾಳೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿ ಅವನ ಕೈಗಿತ್ತರು.

“ಆ ಹೊತ್ತು ನಾನೂ ಒಂದು ಮಾತು ಹೇಳಿದ್ದೆ.”

ಅವನು ಬೆಚ್ಚಿ ಮುಖವೆತ್ತಿದ. “ಏನು ಗುರುಗಳೇ?”

“ಶಾಂತವೀರ, ಒಂದು ಗುಟುಕು ನೀರು ಕೊಡು ಅಂದಿದ್ದೆ.”