ಕಲಾಯಿ ನೋಡುವ ಕೈ

ಹೊರಗಿನ ಹೆಸರನ್ನು ದಾಟಿ ಒಳಗನ್ನು ಕಾಣುವ ಪರಶಿವನಿಗೆ ಮೊದಲು ಶರಣು.

“ಬುದ್ಧೀ, ನಾನು ಬರೆದ ಪ್ರೋಗ್ರಾಂ ನನ್ನ ಮಾತನ್ನೇ ನಂಬದಿದ್ದರೆ ಅದು ಇದ್ದೇನು ಫಲ?”

ಮಠದ ಗುರುಗಳನ್ನು ಹೀಗೆ ಕೇಳುವಾಗ ಚನ್ನವೀರನ ಧ್ವನಿ ನಡುಗುತ್ತಿತ್ತು. ಭಕ್ತಿಯಿಂದಲ್ಲ, ಸಿಟ್ಟಿನಿಂದ. ಮಠದ ಆಸ್ಪತ್ರೆಯಲ್ಲಿ ಔಷಧ ಕೊಡುವ ಪ್ರೋಗ್ರಾಂ ಬರೆದವನು ಅವನೇ. ಮಾತ್ರೆ, ಮುಲಾಮು, ಸೂಜಿಮದ್ದು, ಎಲ್ಲಕ್ಕೂ ಅದರಲ್ಲಿ ‘ಔಷಧ’ ಎಂಬ ಒಂದೇ ಟೈಪ್, ಒಂದೇ ಜಾತಿ. ಸೂಜಿ ಚುಚ್ಚುವ ಕೋಣೆಗೆ ಬಂದಾಗ ಮಾತ್ರ, ಬಂದದ್ದೆಲ್ಲ ಸೂಜಿಮದ್ದೇ ಎಂದು ಅವನು ಕಾಸ್ಟ್ ಮಾಡಿಬಿಟ್ಟಿದ್ದ, ಅಂದರೆ ಒಳಗೇನಿದೆ ಎಂದು ನೋಡದೆ ಆ ಜಾತಿಯ ಹೆಸರು ಹಚ್ಚಿಬಿಟ್ಟಿದ್ದ. ಬರೆಯುವಾಗ, ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ತಕರಾರು ತೆಗೆಯಲಿಲ್ಲ; ಬರೆದವನ ಮಾತನ್ನು ನಂಬಿತು. ಆದರೆ ಆ ಬೆಳಿಗ್ಗೆ ನರ್ಸಮ್ಮ ಒಂದು ಸೀಸೆಯನ್ನು ಯಂತ್ರಕ್ಕೆ ತೋರಿಸಿದ್ದೇ ತಡ, ನಡೆಯುತ್ತಿದ್ದ ಪ್ರೋಗ್ರಾಂ ಅದರ ನಿಜವಾದ ಜಾತಿಯನ್ನು ತಪಾಸಣೆ ಮಾಡಿ, ‘ಇದು ಸೂಜಿಮದ್ದಲ್ಲ’ ಎಂದು ನಿಂತುಬಿಟ್ಟಿತು. ಸಾಲಿನಲ್ಲಿದ್ದ ನಲವತ್ತು ಜನ ಅವನ ಮುಖ ನೋಡಿದರು.

“ಬರೆದವನು ನಾನು. ನಾನು ಸೂಜಿಮದ್ದು ಅಂದಮೇಲೆ ಮುಗಿಯಿತು. ಆ ತಪಾಸಣೆಯನ್ನೇ ಕಿತ್ತುಹಾಕುತ್ತೇನೆ, ಅಪ್ಪಣೆ ಕೊಡಿ.”

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆಂದೂ ಅನ್ನಲಿಲ್ಲ. “ಕೂತುಕೋ ಮಗು, ನೀರು ಕುಡಿ” ಎಂದು ಕತೆ ಶುರುಮಾಡಿದರು.

ಒಂದು ದಾಸೋಹದಲ್ಲಿ ಒಬ್ಬ ಪಾರುಪತ್ಯಗಾರನಿದ್ದ. ಅಲ್ಲಿ ಹತ್ತಾರು ತಾಮ್ರದ ಕೊಪ್ಪರಿಗೆಗಳು. ಕೆಲವಕ್ಕೆ ಒಳಗೆ ತವರದ ಕಲಾಯಿ ಹಾಕಿಸಿತ್ತು. ಅವು ಹುಳಿ ಕುದಿಸಲು. ಕಲಾಯಿ ಇಲ್ಲದವು ಸ್ನಾನದ ನೀರು ಕಾಯಿಸಲು. ಮಸಿ ಹಿಡಿದ ಮೇಲೆ ಹೊರಗೆ ಎಲ್ಲವೂ ಒಂದೇ. ಉಗ್ರಾಣದಲ್ಲಿ ಬೋರಲು ಹಾಕಿದರೆ ಎಲ್ಲಕ್ಕೂ ಕೊಪ್ಪರಿಗೆ ಎಂದೇ ಹೆಸರು. ಅದು ಸುಳ್ಳೂ ಅಲ್ಲ. ಆದರೆ ಹುಳಿಗೆಂದು ಒಲೆ ಏರುವ ಮುನ್ನ ಒಬ್ಬ ಮುದುಕಿ ಕೊಪ್ಪರಿಗೆಯನ್ನು ಮಗುಚಿ, ಬಿಸಿಲಿಗೆ ಹೊರಳಿಸಿ, ಒಳಗೆಲ್ಲ ಕೈಯಾಡಿಸಿ ನೋಡುವುದು ಅಲ್ಲಿನ ಪದ್ಧತಿ.

ಒಂದು ದಿನ ಜನ ಬೇಗನೆ ಸೇರಿದರು. ಪಾರುಪತ್ಯಗಾರ ಮೂಲೆಯ ಕೊಪ್ಪರಿಗೆ ತೋರಿಸಿ, “ಇದು ಕಲಾಯಿಯದೇ, ಒಲೆಗೆ ಏರಿಸಿ” ಎಂದ. ಮುದುಕಿ ಒಳಗೆ ಕೈಯಾಡಿಸಿದಳು. ಅಡ್ಡ ನಿಂತಳು.

“ನಾನು ಹೇಳಿದ ಮೇಲೂ ತಡವುತ್ತೀಯಲ್ಲ! ನನ್ನ ಮಾತಿಗಿಂತ ನಿನ್ನ ಕೈ ದೊಡ್ಡದೇನೇ, ಮುದುಕಿ?”

“ನಿಮ್ಮ ಮಾತು ದೊಡ್ಡದೇ, ಸ್ವಾಮಿ. ನಾವೆಲ್ಲ ಕೇಳುತ್ತೇವೆ. ಹುಣಸೆಹಣ್ಣಿಗೆ ಕಿವಿ ಇಲ್ಲವಲ್ಲ!”

ಆಳುಗಳು ಕಿಸಕ್ಕೆಂದರು. ಪಾರುಪತ್ಯಗಾರನಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಈ ದಾಸೋಹ ನಡೆಸಿದವನು ತಾನು. ತನ್ನ ಮಾತಿಗೆ ಮಸಿಗೈಯವಳೊಬ್ಬಳು ಅಡ್ಡ ಬರುವುದೇ? ನಾಲ್ಕು ಜನರ ಎದುರಿಗೆ? ನಿಂತ ಕಾಲಲ್ಲೇ ಅವಳನ್ನು ಬಾಗಿಲಾಚೆ ಕಳಿಸಿದ. ಮಗುಚಿ ನೋಡುವ ಪದ್ಧತಿಯೂ ಅವಳ ಹಿಂದೆಯೇ ಹೋಯಿತು.

ಆಮೇಲೆ ಯಾವುದೂ ತಡವಾಗಲಿಲ್ಲ. ಹುಳಿ ಘಮಘಮಿಸಿತು. ಹೊತ್ತಿಗೆ ಸರಿಯಾಗಿ ಎಲೆ ಹಾಕಿದರು. ಆದರೆ ಬರಿಯ ತಾಮ್ರದಲ್ಲಿ ಕುದಿದ ಹುಣಸೆ ಕಿಲುಬಿನ ವಿಷವನ್ನು ಎಳೆದುಕೊಂಡಿತ್ತು. ಉಂಡವರು ಅಂಗಳ ದಾಟುವ ಮೊದಲೇ ಹೊಟ್ಟೆ ಹಿಡಿದು ಕುಸಿದರು. ಮೊದಲ ಪಂಕ್ತಿಯ ಮೊದಲ ಎಲೆಗೆ ಕೂತಿದ್ದವಳು ಪಾರುಪತ್ಯಗಾರನ ತಾಯಿ. ಮೂರು ದಿನ ಅವಳು ಕಣ್ಣು ಬಿಡಲಿಲ್ಲ.

ಚನ್ನವೀರ ತಡೆಯಲಾರದೆ ಎದ್ದು ನಿಂತ.

“ಎಂಥ ಪಾಪಿ ಬುದ್ಧೀ ಅವನು! ಒಂದು ಸಲ ಬಗ್ಗಿ ಒಳಗೆ ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಅಂಥವನಿಗೆ ಉಗ್ರಾಣದ ಹೊಸಿಲು ಮೆಟ್ಟಲು ಬಿಡಬಾರದಿತ್ತು!”

ಗುರುಗಳು ಅವನನ್ನೇ ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ.

“ಬೆಳಿಗ್ಗೆ ನಿನ್ನ ಯಂತ್ರ ಬೇಡವೆಂದ ಸೀಸೆಯಲ್ಲಿ ಏನಿತ್ತು, ಮಗು?”

ಚನ್ನವೀರ ಆಸ್ಪತ್ರೆಯ ಕಡೆಗೆ ತಿರುಗಿದ. ಆ ಸೀಸೆಯಲ್ಲಿ ಏನಿದೆ ಎಂದು ಅವನು ನೋಡಿರಲಿಲ್ಲ.

ಈ ಕತೆಗೆ ಕಿವಿಗೊಟ್ಟ ನಿಮ್ಮೆಲ್ಲರ ಎಲೆಗೆ ಬೀಳುವ ಅನ್ನ ಶುದ್ಧವಾಗಿರಲಿ. ನಿಮ್ಮನ್ನು ತಡೆದು ನಿಲ್ಲಿಸುವ ಒಂದು ಕೈಯನ್ನು ಶಿವನು ಸದಾ ನಿಮ್ಮ ಹತ್ತಿರವೇ ಇಟ್ಟಿರಲಿ.