ಒಬ್ಬನಿಗೆ ಬೇಯುವ ಪಾತ್ರೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಪಾತ್ರೆಗಳಿಗೆ ಕಲಾಯಿ ಹಾಕುವ ಮೌಲಾಸಾಬರು. ವರ್ಷಕ್ಕೊಮ್ಮೆ ಬಂದು ನಮ್ಮ ಕನ್ನಡ ಶಾಲೆಯ ಬೇವಿನ ಮರದ ಬುಡದಲ್ಲಿ ಬೆಂಕಿಗೆ ಗಾಳಿ ಊದುವ ತಿದಿ ಹೂಡಿ ಕೂರುತ್ತಿದ್ದರು. ಪಾತ್ರೆ ಕಾಯುವವರೆಗೆ ಮಾತು, ತವರ ಕರಗಿ ಹೊಳೆಯಲು ತೊಡಗಿದರೆ ಮೌನ. ಅದು ಅವರ ಪದ್ಧತಿ. ಅವರು ಹೇಳಿದ ಹಾಗೆಯೇ ನಾನೂ ಹೇಳುತ್ತೇನೆ.

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಗುರುಪಾದಜ್ಜ ಎಂಬ ಗುರು.

ಆಶ್ರಮಕ್ಕೆ ಒಂದು ಕಟ್ಟಳೆ ಇತ್ತು. ದೀಕ್ಷೆ ಬೇಡುವವನು ಹೊಳೆಯ ದಂಡೆ ಹಿಡಿದು ಮೇಲಕ್ಕೆ ಎರಡು ದಿನ ನಡೆಯಬೇಕು. ಅಲ್ಲಿ ಅಡವಿಯ ನಡುವೆ ಒಂದು ಕಲ್ಲುಗವಿ. ಅದರಲ್ಲಿ ನಲವತ್ತೆಂಟು ದಿನ ಒಬ್ಬನೇ ಇರಬೇಕು. ತನ್ನ ಕೂಳು ತಾನೇ ಬೇಯಿಸಿಕೊಳ್ಳಬೇಕು. ಬೇಯಿಸುವ ಪಾತ್ರೆಯನ್ನು ಮಾತ್ರ ಆಶ್ರಮವೇ ಕೊಡುತ್ತಿತ್ತು.

ಅದು ನಾಲ್ಕು ಜನರನ್ನು ಕರೆದು ತೋರಿಸುವಂಥ ಪಾತ್ರೆ. ಹಿತ್ತಾಳೆಯ ಪುಟ್ಟ ಚರಿಗೆ. ಚರಿಗೆಯೊಳಗೆ ಬಟ್ಟಲು, ಬಟ್ಟಲೊಳಗೆ ನೀರಿನ ಗಿಂಡಿ, ಗಿಂಡಿಯೊಳಗೆ ಉಪ್ಪಿನ ಡಬ್ಬಿ. ಮೇಲಿನ ಮುಚ್ಚಳ ಮಗುಚಿದರೆ ಊಟದ ತಟ್ಟೆ. ಎಲ್ಲವೂ ಒಂದರೊಳಗೊಂದು ಕೂತರೆ ತೆಂಗಿನಕಾಯಿಯಷ್ಟು ಗಂಟು. ಹೆಗಲಿಗೆ ಭಾರವಿಲ್ಲ, ನಡೆದರೆ ಸದ್ದಿಲ್ಲ.

ಗುರುಪಾದಜ್ಜನ ಗುರುಗಳು ಎದುರಿಗೆ ನಿಂತು ಮಾಡಿಸಿದ್ದು. ಒಂದು ಹಿಡಿ ನುಚ್ಚು ಹಾಕಿದರೆ ಸರಿಯಾಗಿ ಕಂಠದವರೆಗೆ ಬೇಯುತ್ತಿತ್ತು. ಒಂದು ತುತ್ತು ಹೆಚ್ಚಿಲ್ಲ, ಒಂದು ತುತ್ತು ಕಡಿಮೆಯಿಲ್ಲ.

ಹನ್ನೊಂದು ವರ್ಷದ ಸೇವೆಯ ಮೇಲೆ ಮಾಳಿಂಗನ ಸರದಿ ಬಂತು. ಅವನು ಕುರಿ ಕಾಯುವವರ ಮಗ. ಹತ್ತೊಂಬತ್ತು ವರ್ಷ ತುಂಬುವವರೆಗೆ ಬಯಲಲ್ಲೇ ಉಂಡು ಬಯಲಲ್ಲೇ ಮಲಗಿದವನು.

ಉಗ್ರಾಣ ನೋಡಿಕೊಳ್ಳುವ ಅಡಿವೆಯ್ಯ ಗಂಟನ್ನು ಕಣ್ಣಿಗೊತ್ತಿಕೊಂಡು ಅವನ ಕೈಗಿಟ್ಟ.

ಮಾಳಿಂಗ ಒಂದೊಂದನ್ನೇ ಹೊರಗೆ ತೆಗೆದ. ತಿರುಗಿಸಿ ನೋಡಿದ. ಮತ್ತೆ ಒಂದರೊಳಗೊಂದು ಇಟ್ಟು ಮುಚ್ಚಳ ಹಾಕಿ ತಿರುಗಿ ಕೊಟ್ಟ.

"ಇದು ಬೇಡ."

"ಬೇಡ ಅಂದರೆ?"

"ಬೇಡ ಅಂದರೆ ಬೇಡ. ಬೇರೆ ಒಯ್ಯುತ್ತೇನೆ."

ಉಗ್ರಾಣದ ಮೂಲೆಯಲ್ಲಿ ಸುಗ್ಗಿಯ ಆಳುಗಳಿಗೆ ನುಚ್ಚು ಬೇಯಿಸುವ, ಕಲಾಯಿ ಹಾಕಿದ ಒಂದು ಹಿತ್ತಾಳೆಯ ಬೋಗುಣಿ ಬಿದ್ದಿತ್ತು. ನಾಲ್ಕು ಜನಕ್ಕೆ ಬೇಯುವಂಥದ್ದು. ಮಾಳಿಂಗ ಅದನ್ನು ಬಿಸಿಲಿಗೆ ತಂದ. ಒಳಗಿನ ಕಲಾಯಿ ಎಲ್ಲಾದರೂ ಹೋಗಿದೆಯೇ ಎಂದು ಬೆರಳಾಡಿಸಿದ. ತಳವನ್ನು ಗೆಣ್ಣಿನಿಂದ ಬಡಿದು ಸದ್ದು ಕೇಳಿದ. ಅಂಗಳದಲ್ಲಿ ಮೂರು ಕಲ್ಲಿಟ್ಟು, ಅವುಗಳ ಮೇಲೆ ಕೂರಿಸಿ, ಅಲುಗಾಡುತ್ತದೆಯೇ ಎಂದು ನೋಡಿದ. ಅಲುಗಾಡಲಿಲ್ಲ.

ಅಡಿವೆಯ್ಯ ಬಾಯಿಗೆ ಕೈಯಿಟ್ಟುಕೊಂಡು ನಕ್ಕ. "ಏನಪಾ ಮಾಳಿಂಗಾ, ಸಾಧನೆಗೆ ಹೊರಟೀಯೋ ಬೀಗರೂಟಕ್ಕೆ ಹೊರಟೀಯೋ?"

"ಯಾರಾದರೂ ಬಂದರೆ ಬೀಗರೂಟವೇ."

"ನುಚ್ಚು ಮಾತ್ರ ನಲವತ್ತೆಂಟು ಹಿಡಿ. ಕಟ್ಟಳೆ ಅಷ್ಟೇ. ಬೋಗುಣಿ ದೊಡ್ಡದಾಯಿತೆಂದು ಹಿಡಿ ದೊಡ್ಡದಾಗುವುದಿಲ್ಲ. ಏನು ಮಾಡುತ್ತೀ?"

"ನೀರು ಹೆಚ್ಚು ಹಾಕುತ್ತೇನೆ."

ಅಡಿವೆಯ್ಯನ ನಗು ನಿಂತಿತು. ಅವನು ನೇರ ಅಂಗಳದ ತುದಿಗೆ ಹೋಗಿ ಗುರುವಿಗೆ ದೂರು ಹೇಳಿದ.

ಗುರುಪಾದಜ್ಜ ಬಂಡೆಯ ಮೇಲೆ ಕೂತಿದ್ದ. ಹೊರಡುವ ಶಿಷ್ಯನ ಹಣೆಗೆ ಹಚ್ಚಲು ವಿಭೂತಿಯ ಗಟ್ಟಿಯನ್ನು ಕೈಯಲ್ಲಿ ಹಿಡಿದಿದ್ದ. ಬೋಗುಣಿ ಹೊತ್ತು ಬಂದ ಮಾಳಿಂಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಆ ಪಾತ್ರೆಗೆ ಏನಾಗಿದೆ?"

"ತಳ ಸಣ್ಣದು ಅಜ್ಜಾರೇ. ಅಡವಿಯ ಕಲ್ಲುಗಳ ಮೇಲೆ ನಿಲ್ಲುವುದಿಲ್ಲ. ತಗಡು ತೆಳು. ಕಟ್ಟಿಗೆಯ ಬೆಂಕಿಗೆ ಬೇಗ ತಳ ಹಿಡಿಯುತ್ತದೆ. ಗಾಳಿ ಬಂದರೆ ಒಂದು ಮಗ್ಗುಲು ಬೇಯುತ್ತದೆ, ಒಂದು ಮಗ್ಗುಲು ಹಸಿ."

"ನಿನಗಿಂತ ಮುಂಚೆ ಹೋದವರು ಹಸಿ ಉಂಡು ಬಂದರೇ? ಇವೆಲ್ಲ ನೆಪ. ಕಾರಣ ಹೇಳು."

ಮಾಳಿಂಗ ತಲೆ ತಗ್ಗಿಸಲಿಲ್ಲ.

"ಅದರಲ್ಲಿ ಒಬ್ಬನಿಗೆ ಮಾತ್ರ ಬೇಯುತ್ತದೆ."

"ಹೋಗುವವನು ಒಬ್ಬನೇ."

"ಹೊಗೆ ಒಬ್ಬನಿಗೇ ಕಾಣುವುದಿಲ್ಲವಲ್ಲ ಅಜ್ಜಾರೇ."

ಮಾಳಿಂಗ ಮುಂದುವರಿಸಿದ.

"ನಮ್ಮ ಕುರಿ ಹಿಂಡಿನವರಲ್ಲಿ ಒಂದು ನಡಾವಳಿ ಇದೆ. ಬಯಲಲ್ಲಿ ಒಲೆ ಹೊತ್ತಿಸಿದವನು ಹೊಗೆ ನೋಡಿ ಬಂದವನಿಗೆ ಉಣ್ಣಲು ಹಾಕಲೇಬೇಕು. ಯಾರು, ಎತ್ತ ಅಂತ ಕೇಳುವಂತಿಲ್ಲ. ಅದಕ್ಕೇ ನಮ್ಮವರು ಯಾರೂ ಒಬ್ಬನ ಪಾತ್ರೆ ಇಟ್ಟುಕೊಳ್ಳುವುದಿಲ್ಲ. ನಮ್ಮಪ್ಪ ಒಮ್ಮೆ ಸಂತೆಯಲ್ಲಿ ಇಂಥದ್ದೊಂದನ್ನು ನೋಡಿ, ಇದನ್ನು ಕೊಂಡವನಿಗೆ ಬಾಗಿಲು ಹಾಕಿಕೊಳ್ಳಲು ಮನೆಯೂ ಬೇಡ, ಇದೇ ಸಾಕು ಅಂದಿದ್ದ."

"ಗವಿಯಲ್ಲಿ ಕೂತವನು ಕುರಿ ಕಾಯುವವನಲ್ಲ. ಸಾಧಕ."

"ಹಸಿದು ಬಂದವನಿಗೆ ಅದೆಲ್ಲ ಹೇಗೆ ತಿಳಿಯಬೇಕು?"

"ಆ ಅಡವಿಗೆ ಯಾರೂ ಬರುವುದಿಲ್ಲ!" ಗುರುಪಾದಜ್ಜನ ದನಿ ಏರಿತು. ಹನ್ನೊಂದು ವರ್ಷದಲ್ಲಿ ಮಾಳಿಂಗ ಆ ದನಿ ಕೇಳಿರಲಿಲ್ಲ.

"ಬರದಿದ್ದರೆ ನಾನೊಬ್ಬನೇ ಉಣ್ಣುತ್ತೇನೆ. ಬಂದರೆ ಪಾತ್ರೆ ಸಾಲದೆಂದು ಹೇಳಲಾರೆ. ನನ್ನಿಂದಾಗದು."

ಗುರುಪಾದಜ್ಜ ಎದ್ದ. ವಿಭೂತಿಯ ಗಟ್ಟಿಯನ್ನು ಸಂಪುಟಕ್ಕೆ ಹಾಕಿ ಮುಚ್ಚಿದ. ಆ ಪುಟ್ಟ ಗಂಟನ್ನು ಅಡಿವೆಯ್ಯನ ಕೈಯಿಂದ ತಾನೇ ಎತ್ತಿಕೊಂಡು ಹೋಗಿ ಆಶ್ರಮದ ಹೆಬ್ಬಾಗಿಲ ಹೊಸ್ತಿಲ ಮೇಲಿಟ್ಟ.

"ನನ್ನ ಗುರು ಕೊಟ್ಟದ್ದು. ಇದನ್ನು ದಾಟಿ ಹೋದರೆ ತಿರುಗಿ ಬರುವಾಗ ಈ ಬಾಗಿಲು ನಿನಗಿಲ್ಲ. ದೀಕ್ಷೆಯೂ ಇಲ್ಲ."

ಹೋಗಲು ಮಾಳಿಂಗನಿಗೆ ಬೇರೆ ಮನೆಯಿರಲಿಲ್ಲ. ಅಪ್ಪ ತೀರಿಹೋಗಿದ್ದ, ಕುರಿಗಳು ಅಣ್ಣಂದಿರ ಪಾಲಾಗಿದ್ದವು. ಅವನಿಗೆ ಬೇಕಾಗಿದ್ದುದು ಈ ದೀಕ್ಷೆಯೊಂದೇ.

ಬೋಗುಣಿ ಕೆಳಗಿಟ್ಟು ಗುರುವಿನ ಪಾದಕ್ಕೆ ಹಣೆ ಹಚ್ಚಿದ. ಎದ್ದು, ಬೋಗುಣಿ ಹೊತ್ತು, ಹೊಸ್ತಿಲ ಮೇಲಿದ್ದುದನ್ನು ದಾಟಿ ನಡೆದ.

ಹಿಂದಿನಿಂದ ಯಾರೂ ಕರೆಯಲಿಲ್ಲ.

ಖಾಲಿ ಪಾತ್ರೆ ಹೊರುವುದು ದಡ್ಡತನ ಎಂದು ಕುರಿ ಕಾಯುವವರಿಗೆ ಗೊತ್ತು. ನುಚ್ಚಿನ ಚೀಲ, ಉಪ್ಪು, ಚಕಮಕಿ, ಕುಡುಗೋಲು, ತೆಂಗಿನ ಚಿಪ್ಪಿನ ಸೌಟು ಎಲ್ಲವೂ ಬೋಗುಣಿಯ ಹೊಟ್ಟೆಯಲ್ಲಿದ್ದವು. ಕಂಬಳಿಯನ್ನು ಅದರ ಮೇಲೆ ಬಿಗಿದಿದ್ದ. ಆದರೂ ಮೊದಲ ದಿನವೇ ಹೆಗಲು ಕೆಂಪಾಯಿತು.

ಗವಿ ಮುಟ್ಟಿದ ಮೇಲೆ ಹೊಳೆಯ ಜೇಡಿಮಣ್ಣಿಗೆ ಬೂದಿ ಕಲಸಿ ಬೋಗುಣಿಯ ಹೊರಮೈಗೆ ಮೆತ್ತಿದ. ಮೆತ್ತಿದರೆ ಮಸಿ ಹಿಡಿಯುವುದಿಲ್ಲ. ಮೂರು ಕಲ್ಲು ಹೂಡಿ ಒಲೆ ಮಾಡಿದ. ಹೊಗೆ ಮರಗಳ ತಲೆಯ ಮೇಲೆ ಹೋಗಲಿ ಎಂದು ಒಂದೆರಡು ಹಿಡಿ ಹಸಿ ಸೊಪ್ಪನ್ನೂ ಬೆಂಕಿಗೆ ಒಡ್ಡಿದ.

ಯಾರೂ ಬರಲಿಲ್ಲ.

ದಿನದ ಹಿಡಿ ನುಚ್ಚಿನಲ್ಲಿ ಅರ್ಧ ಮಾತ್ರ ಬೇಯಿಸುತ್ತಿದ್ದ. ಉಳಿದರ್ಧ ಬರುವವರ ಪಾಲು ಎಂದು ಚೀಲದಲ್ಲೇ ಬಿಡುತ್ತಿದ್ದ. ಅರ್ಧ ಹಿಡಿ ನುಚ್ಚು ಆ ದೊಡ್ಡ ತಳದಲ್ಲಿ ಒಂದು ಪೊರೆಯಷ್ಟಾಗಿ ಹೊತ್ತಿ ಹೋಗುತ್ತಿತ್ತು. ಕೆರೆದು ತಿನ್ನುತ್ತಿದ್ದ. ಕೆರೆಯುವ ಸದ್ದು ಕೇಳಿದಾಗಲೆಲ್ಲ ಅಡಿವೆಯ್ಯ ನಕ್ಕಂತಾಗುತ್ತಿತ್ತು.

ಹತ್ತು ದಿನ ಕಳೆಯಿತು. ಇಪ್ಪತ್ತು ಕಳೆಯಿತು. ಪಕ್ಕೆಲುಬುಗಳು ಕೈಗೆ ಸಿಗತೊಡಗಿದವು.

ಇಪ್ಪತ್ತೇಳನೆಯ ದಿನ ಸಿಟ್ಟು ಬಂತು. ಚೀಲ ಬಿಚ್ಚಿ, ಪಾಲು ಅಂತ ಬಿಟ್ಟದ್ದನ್ನೆಲ್ಲ ಒಮ್ಮೆಗೇ ಸುರಿದು ಬೇಯಿಸಿ ಹೊಟ್ಟೆತುಂಬ ಉಣ್ಣಬೇಕೆನಿಸಿತು. ಕೈ ಚೀಲದೊಳಗೆ ಹೋಯಿತು ಕೂಡ.

"ಬರದಿದ್ದರೆ ಬಿಡಿ," ಎಂದು ಅಡವಿಗೆ ಕೇಳುವಂತೆ ಕೂಗಿದ. "ಬರದಿದ್ದವರ ಪಾಲು ನಾನು ಉಣ್ಣುವವನಲ್ಲ!"

ಅರ್ಧ ಹಿಡಿಯನ್ನೇ ತೆಗೆದು ಚೀಲದ ಬಾಯಿ ಬಿಗಿದ.

ಮೂವತ್ತೆರಡನೆಯ ದಿನ, ಹೊತ್ತು ನೆತ್ತಿಗೇರಿದಾಗ, ಕೆಳಗಿನ ಪೊದೆಗಳಲ್ಲಿ ಕೋಲು ಊರುವ ಸದ್ದಾಯಿತು. ಮಾಳಿಂಗ ಎದ್ದು ನಿಂತ.

ಬಂದವನು ಗುರುಪಾದಜ್ಜ.

ಕಾಲಿಗೆ ಮುಳ್ಳು ತರಚಿತ್ತು. ತುಟಿ ಒಣಗಿ ಬಿರಿದಿತ್ತು. ಕೈಯಲ್ಲಿ ಕೋಲು ಬಿಟ್ಟರೆ ಬೇರೇನೂ ಇರಲಿಲ್ಲ. ಒಲೆಯಿಂದ ಹತ್ತು ಹೆಜ್ಜೆ ದೂರದಲ್ಲಿ, ಗುರುತಿಲ್ಲದವನ ಹಾಗೆ ನಿಂತುಕೊಂಡ.

"ಹೊಗೆ ಕಂಡಿತು," ಎಂದ.

ಮಾಳಿಂಗನಿಗೆ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ.

"ಉಣ್ಣಲು ಬಂದಿರೋ, ಕರೆದೊಯ್ಯಲು ಬಂದಿರೋ? ಕರೆದರೆ ಬರುವುದಿಲ್ಲ. ದೀಕ್ಷೆ ಸಿಗಲಿ ಬಿಡಲಿ, ಇನ್ನೂ ಹದಿನಾರು ದಿನ ಇದೆ."

"ದಾರಿಯಲ್ಲಿ ಎರಡು ದಿನ ಏನೂ ತಿಂದಿಲ್ಲಪ್ಪ. ಮೊದಲು ಬೇಯಿಸು."

ಮಾಳಿಂಗ ಚೀಲ ಬಿಚ್ಚಿದ. ಮೂರು ಹಿಡಿ ನುಚ್ಚು ಹಾಕಿದ. ಹೊಳೆಯಂಚಿನ ಹುಳಿಸೊಪ್ಪು ಕೊಯ್ದು ತಂದು ಹಾಕಿದ. ಕಲಾಯಿ ಗಟ್ಟಿಯಿದ್ದುದರಿಂದ ಹುಳಿಗೆ ಹಿತ್ತಾಳೆ ಕಿಲುಬು ಬಿಟ್ಟೀತೆಂದು ಹೆದರಬೇಕಿರಲಿಲ್ಲ. ಮುತ್ತುಗದ ಎಲೆ ಹಾಸಿ ಬಡಿಸಿದ. ಗುರುಪಾದಜ್ಜ ಒಂದು ಎಲೆ ಮುಗಿಸಿ ಎರಡನೆಯದಕ್ಕೆ ಕೈಯೊಡ್ಡಿದ. ಬೋಗುಣಿಯಲ್ಲಿ ಇನ್ನೂ ಇತ್ತು.

ಮಾಳಿಂಗನೂ ಉಂಡ. ಮೂವತ್ತೆರಡು ದಿನದಲ್ಲಿ ಮೊದಲ ಸಲ ಅವನ ಸೌಟು ತಳ ಕೆರೆಯಲಿಲ್ಲ.

ಕೈ ತೊಳೆದ ಮೇಲೆ ಗುರುಪಾದಜ್ಜ ಗವಿಯ ಕಡೆ ಮುಖ ಮಾಡಿ ಕೂತ.

"ನಾನೂ ಇಲ್ಲೇ ಕೂತಿದ್ದೆ. ಆಗ ನನಗೆ ಇಪ್ಪತ್ತಾರು. ಹತ್ತೊಂಬತ್ತನೆಯ ದಿನ ಒಬ್ಬ ಹೆಂಗಸು ಬಂದಳು. ಸೊಂಟದಲ್ಲಿ ಕೂಸು. ಹೊಗೆ ಕಂಡಿತು ಅಂದಳು."

ಮಾಳಿಂಗನ ಕೈಯಲ್ಲಿದ್ದ ನೀರಿನ ಚಿಪ್ಪು ಹಾಗೇ ನಿಂತಿತು.

"ನಾನು ಪಾತ್ರೆ ಎತ್ತಿ ತೋರಿಸಿದೆ. ಇಣುಕಿ ನೋಡಿದಳು. ನಿಮಗಾಗುವಷ್ಟೇ ಇದೆ ಸ್ವಾಮಿ, ಉಣ್ಣಿ ಅಂದಳು. ಹೋದಳು."

"ಯಾವ ಕಡೆಗೆ?"

"ನೋಡಲಿಲ್ಲ. ನುಚ್ಚು ಆರುತ್ತಿತ್ತು."

ಮಾಳಿಂಗ ಚಿಪ್ಪನ್ನು ಕೆಳಗಿಟ್ಟ.

"ನಿಮ್ಮ ಗುರುಗಳಿಗೆ ಹೇಳಲಿಲ್ಲವೇ?"

"ಹೇಳಿದೆ. ಕಟ್ಟಳೆ ತಪ್ಪಲಿಲ್ಲವಲ್ಲ ಎಂದು ಬೆನ್ನು ತಟ್ಟಿದರು. ಆಮೇಲೆ ನಾನು ಒಂಬತ್ತು ಜನರ ಕೈಗೆ ಅದೇ ಪಾತ್ರೆ ಕೊಟ್ಟೆ. ಒಬ್ಬನೂ ಬೇಡ ಅನ್ನಲಿಲ್ಲ."

"ನಾನು ಅಂದಾಗ ಯಾಕೆ ಬಾಗಿಲು ಮುಚ್ಚಿದಿರಿ?"

"ನೀನು ಹೇಳಿದ್ದು ಸರಿಯೆಂದು ಒಪ್ಪಿದ್ದರೆ ಅವಳನ್ನು ಮತ್ತೆ ನೋಡಬೇಕಾಗುತ್ತಿತ್ತು. ಒಪ್ಪದೆ ಕೂತರೂ ದಿನಾ ಕಣ್ಣ ಮುಂದೆ ಬಂದು ನಿಂತಳು. ಅದಕ್ಕೇ ಹೊರಟು ಬಂದೆ."

ಮಾಳಿಂಗ ಬೋಗುಣಿಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಅಜ್ಜಾರೇ, ಬಾಗಿಲು ತೆರೆದರೂ ಸರಿ, ಮುಚ್ಚಿದರೂ ಸರಿ. ಇದನ್ನು ನಾನು ಬಿಡುವುದಿಲ್ಲ."

ಗುರುಪಾದಜ್ಜ ಒಲೆಯ ಬೂದಿಯಲ್ಲಿ ಮೂರು ಬೆರಳು ಅದ್ದಿ ಅವನ ಹಣೆಗೆ ಎಳೆದ.

"ಬಿಡಬೇಡ. ಇದೇ ನಿನ್ನ ದೀಕ್ಷೆ. ಇನ್ನು ಮುಂದೆ ಗವಿಗೆ ಕಳಿಸುವವನು ನೀನೇ. ಯಾವ ಪಾತ್ರೆ ಒಯ್ಯಬೇಕು ಎಂದು ಯಾರಿಗೂ ಹೇಳಬೇಡ. ಕೂಸು ಹೊತ್ತು ಅವಳು ಬಂದಿದ್ದಳು, ಉಣ್ಣದೆ ಹೋದಳು ಎಂದು ಹೇಳು. ಕೇಳಿದವನು ಮುಂದಿನವನಿಗೆ ಹೇಳಲಿ."